ಅಮ್ಮನ ಮಾತ್ರೆ, ಮುಚ್ಚಿದ ಗೇಟು

2020ರ ಮಾರ್ಚ್ ಕೊನೆಯ ವಾರದಲ್ಲಿ ಅಮ್ಮನ ಮಾತ್ರೆ ಮುಗಿಯಿತು. ಲಾಕ್‌ಡೌನ್ ಶುರುವಾಗಿ ಎರಡೋ ಮೂರೋ ದಿನವಾಗಿತ್ತು. ಲಿಂಗರಾಜಪುರದ ಫ್ಲೈಓವರ್ ಮೇಲೆ ಒಂದು ಆಟೋ ಕೂಡ ಇರಲಿಲ್ಲ. ಕೆಳಗಿನ ರೈಲು ಹಳಿ ಬಿಸಿಲಿಗೆ ಸುಮ್ಮನೆ ಹೊಳೆಯುತ್ತಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬೀದಿ ಮೂಲೆಯ ಮೆಡಿಕಲ್ ಶಾಪಿಗೆ ಹೋದೆ. ನಾನು ಚೀಟಿ ತೆಗೆಯುವ ಮೊದಲೇ ಅಂಗಡಿಯವರು ತಲೆ ಅಲ್ಲಾಡಿಸಿದರು.

"ಇಲ್ಲ ಮೇಡಂ. ಟೀವಿಲಿ ಬಂದ ಮಾರನೇ ದಿನಾನೇ ಖಾಲಿ. ಏನೂ ಆಗದೋರೆಲ್ಲ ಬಂದು ಸ್ಟ್ರಿಪ್‌ಗಟ್ಲೆ ತಗೊಂಡು ಹೋದ್ರು. ನಿಮ್ಮಮ್ಮಂಗೆ ಅಂತ ಒಂದು ಎತ್ತಿಡಬೇಕಿತ್ತು, ಹೊಳೀಲಿಲ್ಲ."

ಹೈಡ್ರಾಕ್ಸಿಕ್ಲೋರೋಕ್ವಿನ್. ಅಮ್ಮ ಅದನ್ನು ನುಂಗುತ್ತಿದ್ದುದು ಮಲೇರಿಯಾಕ್ಕಲ್ಲ, ಕೊರೋನಾಕ್ಕೂ ಅಲ್ಲ, ಬೆರಳ ಗೆಣ್ಣುಗಳ ನೋವಿಗೆ, ಸಂಧಿವಾತಕ್ಕೆ. ಬೆಳಿಗ್ಗೆ ಎದ್ದಾಗ ಕೈ ಮಡಚಲು ಬರುವುದಿಲ್ಲ ಎನ್ನುತ್ತಿದ್ದವಳು ಈ ಮಾತ್ರೆ ಹಿಡಿದ ಮೇಲೆ ಮತ್ತೆ ಚಪಾತಿ ಹಿಟ್ಟು ನಾದುವಷ್ಟಾಗಿದ್ದಳು. ಅಂದು ಬರಿಗೈಯಲ್ಲಿ ಮನೆಗೆ ನಡೆದು ಬರುವಾಗ ನನಗೆ ನೆನಪಾದದ್ದು ಮಾತ್ರ ಬೇರೆ. ಎಷ್ಟೋ ವರ್ಷಗಳ ಹಿಂದೆ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಇದೇ ಔಷಧದ ಅಣ್ಣ, ಕ್ಲೋರೋಕ್ವಿನ್, ಬಿಳಿ ಪುಡಿಯಾಗಿ ಒಂದು ಸಣ್ಣ ಸೀಸೆಯಲ್ಲಿ ನನ್ನ ಮೇಜಿನ ಮೇಲಿತ್ತು. ಅದು ನನ್ನ ಮೂರು ತಿಂಗಳ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿಹಾಕಿತ್ತು. ಅಳಿಸಿದ್ದು ಒಳ್ಳೆಯದೇ ಆಯಿತು. ಆ ಕಥೆ ಹೇಳಬೇಕಾದರೆ ಮೊದಲು ಕಸದ ಕಥೆ ಹೇಳಬೇಕು.

ನಮ್ಮ ಮೈಯ ಒಂದೊಂದು ಜೀವಕೋಶವೂ ತನ್ನೊಳಗಿನ ಹಳೆಯ ಸಾಮಾನನ್ನು ತಾನೇ ತಿಂದು ಜೀರ್ಣಿಸಿಕೊಳ್ಳುತ್ತದೆ. ಕೆಟ್ಟ ಪ್ರೋಟೀನು, ಸವೆದ ಮೈಟೋಕಾಂಡ್ರಿಯಾ, ಒಳನುಗ್ಗಿದ ಬ್ಯಾಕ್ಟೀರಿಯಾ, ಇವನ್ನೆಲ್ಲ ಒಂದು ಪೊರೆ ನಿಧಾನವಾಗಿ ಸುತ್ತುವರಿದು ಚೀಲ ಕಟ್ಟುತ್ತದೆ. ಆ ಚೀಲ ಹೋಗಿ ಲೈಸೋಸೋಮ್ ಎಂಬ ಆಮ್ಲ ತುಂಬಿದ ಇನ್ನೊಂದು ಚೀಲದ ಜೊತೆ ಕೂಡಿಕೊಳ್ಳುತ್ತದೆ. ಅಲ್ಲಿನ ಕಿಣ್ವಗಳು ಎಲ್ಲವನ್ನೂ ಕರಗಿಸುತ್ತವೆ. ಕರಗಿ ಬಂದ ಅಮೈನೋ ಆಮ್ಲಗಳಿಂದ ಕೋಶ ಹೊಸ ಪ್ರೋಟೀನು ಕಟ್ಟಿಕೊಳ್ಳುತ್ತದೆ. ಇದಕ್ಕೆ ಆಟೊಫೇಜಿ ಎಂದು ಹೆಸರು. ಗ್ರೀಕಿನಲ್ಲಿ 'ತನ್ನನ್ನು ತಾನೇ ತಿನ್ನುವುದು'. ಕನ್ನಡ ಪತ್ರಿಕೆಗಳು ಸ್ವಭಕ್ಷಣೆ ಎಂದೂ ಬರೆದಿವೆ. ಆ ಪದ ಕೇಳಿದರೆ ಏನೋ ಘೋರ ನಡೆಯುತ್ತಿದೆ ಅನಿಸುತ್ತದೆ. ನಡೆಯುವುದು ಮನೆಯ ಹಳೇ ಪಾತ್ರೆಯನ್ನು ಗುಜರಿಗೆ ಹಾಕಿ ಹೊಸದು ತರುವಂಥ ಕೆಲಸ.

ಈ ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್. ಲೈಸೋಸೋಮ್ ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ಅಳತೆಯ ಎಡವಟ್ಟಿನಿಂದ. 1949ರಲ್ಲಿ ಅವರ ತಂಡ ಇಲಿಯ ಪಿತ್ತಜನಕಾಂಗವನ್ನು ಅರೆದು ಅದರಲ್ಲಿ ಆಮ್ಲ ಫಾಸ್ಫಟೇಸ್ ಎಂಬ ಕಿಣ್ವದ ಚಟುವಟಿಕೆಯನ್ನು ಅಳೆಯಿತು. ನಿರೀಕ್ಷಿಸಿದ್ದರ ಸುಮಾರು ಹತ್ತನೇ ಒಂದು ಭಾಗದಷ್ಟು ಮಾತ್ರ ಬಂತು. ಎಲ್ಲೋ ತಪ್ಪಾಗಿದೆ ಎಂದು ಮಾದರಿಗಳನ್ನು ಫ್ರಿಜ್ಜಿನಲ್ಲಿಟ್ಟು ಐದು ದಿನ ಬಿಟ್ಟು ಮತ್ತೆ ಅಳೆದರೆ ಚಟುವಟಿಕೆ ಎಷ್ಟೋ ಪಟ್ಟು ಏರಿತ್ತು. ಬೇರೆಯವರಾಗಿದ್ದರೆ ಹಳೆಯ ಅಂಕಿ ಹೊಡೆದುಹಾಕಿ ಮುಂದೆ ಹೋಗುತ್ತಿದ್ದರು. ಇವರು ಆ ವ್ಯತ್ಯಾಸವನ್ನೇ ಹಿಡಿದು ಕೂತರು. ಕಿಣ್ವ ಮೊದಲಿನಿಂದಲೂ ಅಲ್ಲೇ ಇತ್ತು, ಒಂದು ಚೀಲದೊಳಗೆ. ಐದು ದಿನದಲ್ಲಿ ಚೀಲ ಸೋರಿ ಹೊರಬಂದಿತ್ತು. 1955ರಲ್ಲಿ ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. 1963ರಲ್ಲಿ ಲಂಡನ್ನಿನ ಒಂದು ವಿಚಾರಗೋಷ್ಠಿಯಲ್ಲಿ ಆಟೊಫೇಜಿ ಎಂಬ ಪದವನ್ನೂ ಕೊಟ್ಟರು. 1974ರಲ್ಲಿ ನೊಬೆಲ್ ಬಂತು.

ಹೆಸರು ಬಂದ ಮೇಲೆ ಮೂವತ್ತು ವರ್ಷ ವಿಷಯ ಹೆಚ್ಚು ಮುಂದೆ ಹೋಗಲಿಲ್ಲ. ಕಾರಣ ಅಳತೆ. ಇದ್ದ ಒಂದೇ ದಾರಿಯೆಂದರೆ ಕೋಶಗಳನ್ನು ಕೊಂದು, ತೆಳ್ಳಗೆ ಹೆಚ್ಚಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆದು ಚೀಲಗಳನ್ನು ಎಣಿಸುವುದು. ಫೋಟೋದಲ್ಲಿ ನಿಂತ ಚೀಲ ಕಾಣುತ್ತದೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಕಾಣುವುದಿಲ್ಲ.

ಈ ತೊಡಕು ನಮ್ಮ ಊರಿನವರಿಗೆ ಚೆನ್ನಾಗಿ ಅರ್ಥವಾಗಬೇಕು. 2012ರಲ್ಲಿ ಯಲಹಂಕದ ಆಚೆಯ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆಯತೊಡಗಿತು. ಆಮೇಲೆ ಭಾರವೆಲ್ಲ ಬಿದ್ದದ್ದು ಕೆ.ಆರ್. ಪುರದ ಆಚೆಯ ಮಂಡೂರಿನ ಮೇಲೆ. ಆ ಊರಿನವರು ನಾತ ತಡೆಯಲಾರದೆ ರಸ್ತೆಗಿಳಿದರು. 2014ರ ಡಿಸೆಂಬರ್‌ನಿಂದ ಅಲ್ಲಿಗೂ ಲಾರಿ ನಿಂತಿತು. ಆ ವರ್ಷಗಳಲ್ಲಿ ಹೊರಗಿನವರೊಬ್ಬರು ಹೆಣ್ಣೂರು ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಕಸದ ಲಾರಿಗಳನ್ನು ನೋಡಿ "ಪರವಾಗಿಲ್ಲ, ನಿಮ್ಮೂರಲ್ಲಿ ಕಸ ತೆಗೆಯೋ ಕೆಲಸ ಜೋರಾಗಿ ನಡೀತಿದೆ" ಎಂದರೆ ಏನು ಹೇಳುತ್ತೀರಿ? ಲಾರಿ ಹೆಚ್ಚು ಕಂಡರೆ ಕೆಲಸ ಹೆಚ್ಚು ನಡೆಯುತ್ತಿದೆ ಎಂದೂ ಆಗಬಹುದು, ಗೇಟು ಮುಚ್ಚಿದೆ ಎಂದೂ ಆಗಬಹುದು. ಒಂದು ಫೋಟೋದಿಂದ ಇವೆರಡನ್ನು ಬೇರೆ ಮಾಡಲಾಗದು. ಕೋಶದಲ್ಲಿ ಚೀಲಗಳು ಹೆಚ್ಚಿದ್ದರೂ ಇದೇ ಗೊಂದಲ.

ಗೊಂದಲ ಬಿಡಿಸುವ ಉಪಾಯ ಮಾತ್ರ ವಿಚಿತ್ರವಾದದ್ದು. ಬೇಕೆಂದೇ ಗೇಟು ಮುಚ್ಚುವುದು. ಒಂದು ಗಂಟೆ ಗೇಟು ಮುಚ್ಚಿ ಎಷ್ಟು ಲಾರಿ ಸೇರಿತು ಎಂದು ಎಣಿಸಿದರೆ ಗಂಟೆಗೆ ಎಷ್ಟು ಲಾರಿ ಹೊರಟು ಬರುತ್ತಿದೆ ಎಂಬುದು ಗೊತ್ತಾಗುತ್ತದೆ.

ಜಪಾನಿನ ಯೋಶಿನೋರಿ ಓಸುಮಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. 1988ರಲ್ಲಿ, ನಲವತ್ತಮೂರನೇ ವಯಸ್ಸಿನಲ್ಲಿ, ಟೋಕಿಯೊದಲ್ಲಿ ತಮ್ಮದೇ ಒಂದು ಸಣ್ಣ ಪ್ರಯೋಗಾಲಯ ಶುರುಮಾಡಿದ ಅವರು ಬ್ರೆಡ್ಡು ಉಬ್ಬಿಸುವ ಯೀಸ್ಟನ್ನು ಆರಿಸಿಕೊಂಡರು. ಯೀಸ್ಟಿನಲ್ಲಿ ಲೈಸೋಸೋಮ್‌ನ ಕೆಲಸವನ್ನು ವ್ಯಾಕ್ಯುಯೋಲ್ ಎಂಬ ದೊಡ್ಡ ಚೀಲ ಮಾಡುತ್ತದೆ. ಅವರು ತೆಗೆದುಕೊಂಡದ್ದು ಜೀರ್ಣಿಸುವ ಕಿಣ್ವಗಳೇ ಕೆಲಸ ಮಾಡದ ಯೀಸ್ಟ್ ತಳಿ. ಅದನ್ನು ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ವ್ಯಾಕ್ಯುಯೋಲಿನೊಳಗೆ ದುಂಡನೆಯ ಕಣಗಳು ತುಂಬಿ ಕುಣಿಯತೊಡಗಿದವು, ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುವಷ್ಟು. ಒಳಗೆ ಹೋದ ಕಸ ಕರಗದೆ ಉಳಿದದ್ದರಿಂದ ಕಣ್ಣಿಗೆ ಬಿತ್ತು. 1992ರಲ್ಲಿ ಅದು ಪ್ರಕಟವಾಯಿತು. ಮರುವರ್ಷ ಈ ಕಣಗಳೇ ತುಂಬದ ಯೀಸ್ಟ್ ತಳಿಗಳನ್ನು ಹುಡುಕಿ ಆಟೊಫೇಜಿಗೆ ಬೇಕಾದ ಹದಿನೈದು ಜೀನುಗಳ ಸುಳಿವು ಹಿಡಿದರು. 2016ರ ನೊಬೆಲ್ ಅವರೊಬ್ಬರಿಗೇ ಬಂತು.

ಆ ಅಕ್ಟೋಬರ್‌ನಲ್ಲಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಒಂದು ಸಂದೇಶ ಬಂತು: ಏಕಾದಶಿ ಉಪವಾಸಕ್ಕೆ ನೊಬೆಲ್! ಅತ್ತೆ ಬಹಳ ಸಂತೋಷಪಟ್ಟರು. ಉಪವಾಸ ಮಾಡುವವರ ಮೇಲೆ ನನಗೇನೂ ತಕರಾರಿಲ್ಲ. ಆದರೆ ಓಸುಮಿ ಉಪವಾಸ ಕೆಡವಿದ್ದು ಯೀಸ್ಟನ್ನು, ಅಳೆದದ್ದು ಯೀಸ್ಟಿನೊಳಗೆ. ಮನುಷ್ಯರ ಮೈಯಲ್ಲಿ ಎಷ್ಟು ಹೊತ್ತಿನ ಉಪವಾಸಕ್ಕೆ ಯಾವ ಅಂಗದಲ್ಲಿ ಆಟೊಫೇಜಿ ಎಷ್ಟು ಏರಿತು ಎಂದು ಹೇಳಬೇಕಾದರೆ ಮತ್ತೆ ಗೇಟು ಮುಚ್ಚಿ ಎಣಿಸಬೇಕು. ಅದನ್ನು ಮನುಷ್ಯರ ಮೇಲೆ ಮಾಡುವುದು ಹೇಗೆ?

ಈಗ ಬೆಳಕಿನ ಕಥೆಗೆ ಬರುತ್ತೇನೆ. ಅದು ಶುರುವಾಗುವುದೂ ಮಲೇರಿಯಾ ಔಷಧದಿಂದಲೇ. ಅಂಗಡಿಗಳಲ್ಲಿ ಕಳ್ಳನೋಟು ಹಿಡಿಯಲು ಒಂದು ನೇರಳೆ ದೀಪ ಇಟ್ಟಿರುತ್ತಾರಲ್ಲ, ಒಂದು ಬಾಟಲಿ ಟಾನಿಕ್ ವಾಟರ್ ಅದರ ಕೆಳಗೆ ಹಿಡಿದು ನೋಡಿ. ನೀರು ತಿಳಿನೀಲಿಯಾಗಿ ಬೆಳಗುತ್ತದೆ. ಬೆಳಗುವುದು ಅದರೊಳಗಿನ ಕ್ವಿನೈನ್. ಸಿಂಕೋನಾ ತೊಗಟೆಯಿಂದ 1820ರಲ್ಲಿ ಫ್ರಾನ್ಸಿನಲ್ಲಿ ಬೇರ್ಪಡಿಸಿದ ಈ ಕಹಿ ವಸ್ತುವಿನ ದ್ರಾವಣ ಬಿಸಿಲಿಗೆ ಹಿಡಿದರೆ ನೀಲಿ ಹೊಳಪು ಕೊಡುವುದನ್ನು 1845ರಲ್ಲಿ ಜಾನ್ ಹರ್ಷೆಲ್ ವರ್ಣಿಸಿದರು. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅದನ್ನು ಬಿಡಿಸಿ ಹೇಳಿದರು: ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ, ಕಾಣುವ ನೀಲಿಯಾಗಿ ಹೊರಬಿಡುತ್ತಿದೆ. ನಮ್ಮ ಪಠ್ಯಪುಸ್ತಕಗಳು ಪ್ರತಿದೀಪ್ತಿ ಎಂದು ಕರೆಯುವುದು ಇದನ್ನೇ.

ಬಣ್ಣ ಮತ್ತು ಮಲೇರಿಯಾ ಔಷಧಗಳ ನಂಟು ಅಲ್ಲಿಗೇ ಮುಗಿಯಲಿಲ್ಲ. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೋಗಿ ನೇರಳೆ ಬಣ್ಣ ತಯಾರಿಸಿದ. ಕೃತಕ ಬಣ್ಣಗಳ ಉದ್ಯಮ ಅಲ್ಲಿಂದ ಬೆಳೆಯಿತು. 1891ರಲ್ಲಿ ಪಾಲ್ ಎರ್ಲಿಖ್, ಮೆಥಿಲೀನ್ ಬ್ಲೂ ಬಣ್ಣ ಮಲೇರಿಯಾ ಪರಾವಲಂಬಿಗೆ ಅಂಟುವುದಾದರೆ ಅದನ್ನು ಕೊಲ್ಲಲೂಬಹುದು ಎಂದು ಯೋಚಿಸಿ ರೋಗಿಗಳಿಗೆ ಕೊಟ್ಟು ನೋಡಿದರು. ಆ ಯೋಚನೆಯ ಹಾದಿಯಲ್ಲೇ ಜರ್ಮನಿಯ ಬಣ್ಣದ ಕಂಪನಿಗಳ ರಸಾಯನಶಾಸ್ತ್ರಜ್ಞರು 1930ರ ದಶಕದಲ್ಲಿ ಮೊದಲು ಮೆಪಾಕ್ರಿನ್, ಆಮೇಲೆ 1934ರಲ್ಲಿ ಕ್ಲೋರೋಕ್ವಿನ್ ತಯಾರಿಸಿದರು. ಮೆಪಾಕ್ರಿನ್ ತಾನೇ ಒಂದು ಹಳದಿ ಬಣ್ಣ. ಎರಡನೇ ಮಹಾಯುದ್ಧದಲ್ಲಿ ಅದನ್ನು ನುಂಗಿದ ಸೈನಿಕರ ಚರ್ಮ ಹಳದಿಯಾಗುತ್ತಿತ್ತು. ಅವರಲ್ಲಿ ಕೆಲವರ ಚರ್ಮದ ಗುಳ್ಳೆ, ಕೀಲುನೋವು ಕಡಿಮೆಯಾದದ್ದನ್ನು ವೈದ್ಯರು ಗಮನಿಸಿದರು. ಹಾಗೆ ಮಲೇರಿಯಾ ಔಷಧ ಸಂಧಿವಾತದ ಔಷಧವಾಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಆಗಿ ನಮ್ಮಮ್ಮನ ಡಬ್ಬಿಗೆ ಬಂತು.

ನಮ್ಮ ಕಂಟೋನ್ಮೆಂಟಿಗೂ ಇದರಲ್ಲಿ ಒಂದು ಸಣ್ಣ ಪಾಲಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾ ವೈದ್ಯರು ಇಲ್ಲಿಗೆ ಬಂದರು. ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಹುಟ್ಟುತ್ತಿವೆ ಎಂದು ಕಂಡು ತೊಟ್ಟಿ ಮಗುಚಿದರು, ಸೊಳ್ಳೆ ಕಡಿಮೆಯಾಯಿತು. ಆಗ ಅದಕ್ಕೂ ಮಲೇರಿಯಾಕ್ಕೂ ನಂಟು ಅವರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. ಇದು ನನ್ನ ವಿಷಯಕ್ಕೆ ನೇರ ಸಂಬಂಧಿಸಿದ್ದಲ್ಲ. ಆದರೂ ತೊಟ್ಟಿ ಮಗುಚಿದ ಆ ಬಂಗಲೆ ಎಲ್ಲಿತ್ತೋ ಎಂದು ಕಂಟೋನ್ಮೆಂಟಿನ ರಸ್ತೆಗಳಲ್ಲಿ ಓಡಾಡುವಾಗೆಲ್ಲ ಯೋಚಿಸುತ್ತೇನೆ.

ಕ್ಲೋರೋಕ್ವಿನ್ ಕೋಶದೊಳಗೆ ಮಾಡುವುದೇನು? ಅದೊಂದು ದುರ್ಬಲ ಪ್ರತ್ಯಾಮ್ಲ. ವಿದ್ಯುದಾವೇಶವಿಲ್ಲದ ರೂಪದಲ್ಲಿ ಪೊರೆಗಳನ್ನು ಸಲೀಸಾಗಿ ದಾಟುತ್ತದೆ. ಆಮ್ಲ ತುಂಬಿದ ಲೈಸೋಸೋಮ್ ಒಳಗೆ ಹೋದೊಡನೆ ಪ್ರೋಟಾನ್ ಹಿಡಿದು ಆವೇಶ ಪಡೆಯುತ್ತದೆ. ಇನ್ನು ಹೊರಗೆ ಬರಲಾಗದು. ಇಲಿಬೋನಿನ ಹಾಗೆ. ಹೀಗೆ ಲೈಸೋಸೋಮ್‌ನಲ್ಲಿ ಸಿಕ್ಕಿಬೀಳುವ ವಸ್ತುಗಳಿಗೆ 1974ರಲ್ಲಿ ಒಂದು ಹೊಸ ವರ್ಗವನ್ನೇ ಗುರುತಿಸಿದವರು ಅದೇ ಡಿ ಡ್ಯೂವ್. ಕ್ಲೋರೋಕ್ವಿನ್ ಸೇರಿಕೊಂಡಂತೆ ಲೈಸೋಸೋಮ್ ಊದಿಕೊಳ್ಳುತ್ತದೆ, ಅದರ ಆಮ್ಲತೆ ಕುಗ್ಗುತ್ತದೆ, ಆಟೊಫೇಜಿಯ ಚೀಲಗಳು ಬಂದು ಅದರ ಜೊತೆ ಕೂಡಿಕೊಳ್ಳುವುದು ತಪ್ಪುತ್ತದೆ. ಗೇಟು ಮುಚ್ಚಿತು. ಮಲೇರಿಯಾ ಪರಾವಲಂಬಿಯಲ್ಲೂ ಅದು ಹೋಗಿ ಸೇರುವುದು ಹಿಮೋಗ್ಲೋಬಿನ್ ಅರಗಿಸುವ ಆಮ್ಲದ ಚೀಲದೊಳಕ್ಕೇ. ಹೊಟ್ಟೆ ಎಲ್ಲಿದೆಯೋ ಅಲ್ಲಿಗೆ ಹೋಗುವ ಔಷಧ ಇದು.

ಅಕ್ರಿಡೀನ್ ಆರೆಂಜ್ ಎಂಬ ಬಣ್ಣವೂ ಇದೇ ಬಾಗಿಲಿನಿಂದ ಒಳಗೆ ಹೋಗಿ ಇದೇ ಬೋನಿನಲ್ಲಿ ಬೀಳುತ್ತದೆ. ಕೋಶದ ಬೇರೆಡೆ ಹಸಿರಾಗಿ ಬೆಳಗುವ ಅದು ಆಮ್ಲದ ಚೀಲದಲ್ಲಿ ದಟ್ಟವಾಗಿ ಸೇರಿ ಕೆಂಪಾಗಿ ಬೆಳಗುತ್ತದೆ. ಅದಕ್ಕೇ ಬದುಕಿರುವ ಕೋಶದಲ್ಲಿ ಆಟೊಫೇಜಿಯ ಸುಳಿವಿಗೆ ಅನೇಕರು ಅದನ್ನು ಬಳಸಿದರು. ಆದರೆ ಆಮ್ಲದ ಚೀಲಗಳೆಲ್ಲ ಆಟೊಫೇಜಿಯ ಚೀಲಗಳಲ್ಲ. 1995ರಲ್ಲಿ ಮಾನೋಡಾನ್ಸಿಲ್‌ಕಡಾವರಿನ್ ಎಂಬ ಬಣ್ಣ ಆಟೊಫೇಜಿಯ ಚೀಲಗಳಿಗೇ ಅಂಟುತ್ತದೆ ಎಂದು ಜರ್ಮನಿಯಿಂದ ಸುದ್ದಿ ಬಂತು. ಕೆಲವು ವರ್ಷಗಳಲ್ಲಿ ಅದರ ಮೇಲೂ ಅನುಮಾನ ಹುಟ್ಟಿತು. 2000ದಲ್ಲಿ ಜಪಾನಿನ ತಂಡವೊಂದು ಎಲ್‌ಸಿ3 ಎಂಬ ಪ್ರೋಟೀನು ಆ ಚೀಲಗಳ ಪೊರೆಗೇ ಅಂಟಿಕೊಳ್ಳುತ್ತದೆ ಎಂದು ತೋರಿಸಿತು. ಅಂಬಲಿಮೀನಿನ ಹಸಿರು ಪ್ರೋಟೀನನ್ನು ಅದಕ್ಕೆ ಜೋಡಿಸಿದರೆ ಬದುಕಿರುವ ಕೋಶದೊಳಗೆ ಚೀಲಗಳು ಹಸಿರು ಚುಕ್ಕಿಗಳಾಗಿ ಕಾಣುತ್ತವೆ. 2007ರಲ್ಲಿ ಅದಕ್ಕೇ ಒಂದು ಕೆಂಪು ಪ್ರೋಟೀನನ್ನೂ ಸೇರಿಸಿದರು. ಹಸಿರು ಆಮ್ಲದಲ್ಲಿ ಆರಿಹೋಗುತ್ತದೆ, ಕೆಂಪು ಉಳಿಯುತ್ತದೆ. ಹಾಗಾಗಿ ಹಳದಿ ಚುಕ್ಕಿ ಎಂದರೆ ಇನ್ನೂ ದಾರಿಯಲ್ಲಿರುವ ಲಾರಿ, ಕೆಂಪು ಚುಕ್ಕಿ ಎಂದರೆ ಗೇಟಿನೊಳಗೆ ಹೋದ ಲಾರಿ. ಇಷ್ಟು ಸರಳವಾದ ಜಾಣತನ ನನಗೆ ಈ ಇಡೀ ಇತಿಹಾಸದಲ್ಲಿ ಬೇರೆಲ್ಲೂ ಕಂಡಿಲ್ಲ.

ಆದರೆ ಜೀನು ಜೋಡಿಸಿದ ಕೋಶಗಳನ್ನು ಪ್ರಯೋಗಾಲಯದಲ್ಲಿ ಸಾಕಬೇಕು. ರೋಗಿಯ ರಕ್ತದಿಂದ ಈಗಷ್ಟೇ ತೆಗೆದ ಕೋಶಕ್ಕೆ ಹಾಗೆ ಮಾಡಲಾಗದು. ಅಲ್ಲಿ ಬೇಕಾಗುವುದು ಸುಮ್ಮನೆ ಸೇರಿಸಿ ಅರ್ಧ ಗಂಟೆ ಕಾಯುವಂಥ ಬಣ್ಣ. 2010ರ ನಂತರ ಅಂಥ ಹೊಸ ಬಣ್ಣಗಳು ಒಂದೊಂದಾಗಿ ಬಂದವು. 2018ರಲ್ಲಿ ಜಪಾನಿನಿಂದ ಬಂದ ಜೋಡಿಯೊಂದರಲ್ಲಿ ಒಂದು ಚೀಲ ಕಟ್ಟುವಾಗಲೇ ಬೆಳಗುತ್ತದೆ, ಇನ್ನೊಂದು ಆಮ್ಲ ಸೇರಿದ ಮೇಲೆ ಬೆಳಗುತ್ತದೆ.

ಬೆಳಗುವುದನ್ನು ಎಣಿಸುವ ಯಂತ್ರ ಫ್ಲೋ ಸೈಟೋಮೀಟರ್. ಕೋಶಗಳನ್ನು ಕೂದಲೆಳೆಯಂಥ ನೀರಿನ ಧಾರೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹರಿಸಿ, ಪ್ರತಿಯೊಂದಕ್ಕೂ ಲೇಸರ್ ಬೆಳಕು ತಾಕಿಸಿ, ಅದು ಚೆದುರಿಸಿದ ಮತ್ತು ಹೊರಬಿಟ್ಟ ಬೆಳಕನ್ನು ದಾಖಲಿಸುತ್ತದೆ, ಸೆಕೆಂಡಿಗೆ ಸಾವಿರಾರು ಕೋಶಗಳಂತೆ. ಮೆಟ್ರೋ ನಿಲ್ದಾಣದಲ್ಲಿ ಒಬ್ಬೊಬ್ಬರೇ ಗೇಟು ದಾಟುವ ಹಾಗೆ. 1965ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಮ್ಯಾಕ್ ಫುಲ್ವೈಲರ್ ಧಾರೆಯನ್ನು ಹನಿಗಳಾಗಿ ಒಡೆದು ಕೋಶಗಳನ್ನು ಗಾತ್ರದ ಮೇಲೆ ಬೇರ್ಪಡಿಸಿದರು. ಹನಿ ಒಡೆಯುವ ಉಪಾಯ ಇಂಕ್‌ಜೆಟ್ ಮುದ್ರಣದಿಂದ ಎರವಲು ತಂದದ್ದು. ಸ್ಟ್ಯಾನ್‌ಫರ್ಡಿನ ಲಿಯೊನಾರ್ಡ್ ಹರ್ಜೆನ್‌ಬರ್ಗ್ ತಂಡ 1969ರಲ್ಲಿ ಪ್ರತಿದೀಪ್ತಿಯ ಮೇಲೆ ಕೋಶಗಳನ್ನು ಆರಿಸುವ ಯಂತ್ರ ಮಾಡಿತು, 1972ರ ಹೊತ್ತಿಗೆ ಅದಕ್ಕೆ ಲೇಸರ್ ಸೇರಿಸಿತು. ಇಂದು ಬೆಂಗಳೂರಿನಲ್ಲೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಇಂಥ ಯಂತ್ರಗಳ ಸೌಲಭ್ಯಗಳಿವೆ. ಯಂತ್ರಕ್ಕೆ ಒಂದು ಮಿತಿ ಇದೆ. ಅದು ಕೋಶವನ್ನು ಇಡಿಯಾಗಿ ಒಂದು ಅಂಕಿ ಮಾಡುತ್ತದೆ. ಬೆಳಕು ಚುಕ್ಕಿಗಳಲ್ಲಿದೆಯೋ ಕೋಶದ ತುಂಬ ಹರಡಿದೆಯೋ ಹೇಳುವುದಿಲ್ಲ. 2010ರಲ್ಲಿ ಸ್ವೀಡನ್ನಿನ ತಂಡವೊಂದು ಇದಕ್ಕೆ ದಾರಿ ಹುಡುಕಿತು. ಸಪೋನಿನ್ ಹಾಕಿ ಕೋಶದ ಹೊರಪೊರೆಯಲ್ಲಿ ತೂತು ಮಾಡಿದರೆ ಹರಡಿಕೊಂಡಿರುವ ಎಲ್‌ಸಿ3 ತೊಳೆದುಹೋಗುತ್ತದೆ, ಚೀಲಕ್ಕೆ ಅಂಟಿದ್ದು ಉಳಿಯುತ್ತದೆ. ಸಪೋನಿನ್ ಎಂದರೆ ನಮ್ಮ ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸುತ್ತದಲ್ಲ, ಆ ಜಾತಿಯ ವಸ್ತು. ಆದರೆ ತೂತಾದ ಕೋಶ ಬದುಕುವುದಿಲ್ಲ.

ನನ್ನ ಮೂರು ತಿಂಗಳು ಹೋದದ್ದು ಈ ಯಂತ್ರದ ಮುಂದೆಯೇ. ನಗರದ ಒಂದು ಪ್ರಯೋಗಾಲಯದಲ್ಲಿ, ಒಂದು ಗಿಡದಿಂದ ತೆಗೆದ ಸಂಯುಕ್ತ ಆಟೊಫೇಜಿ ಹೆಚ್ಚಿಸುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಆಟೊಫೇಜಿಯ ಚೀಲಗಳಿಗೇ ಅಂಟುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದ ಹಸಿರು ಬಣ್ಣ ಹಾಕಿ ಕೋಶಗಳನ್ನು ಹರಿಸಿದೆ. ಪರದೆಯ ಮೇಲಿನ ಗುಡ್ಡದಂಥ ರೇಖೆ ಬಲಕ್ಕೆ ಸರಿಯಿತು. ಬಲಕ್ಕೆ ಸರಿದರೆ ಬೆಳಕು ಹೆಚ್ಚು ಎಂದರ್ಥ. ಮತ್ತೆ ಮಾಡಿದೆ, ಮತ್ತೆ ಸರಿಯಿತು. ಪೋಸ್ಟರ್ ಸಿದ್ಧಮಾಡಿದೆ. ಅಮ್ಮನಿಗೆ ಫೋನು ಮಾಡಿ, ಪಾರ್ಕಿನ್ಸನ್ ಕಾಯಿಲೆಗೆ ಔಷಧವಾಗಬಹುದಮ್ಮ ಎಂದೂ ಹೇಳಿಬಿಟ್ಟೆ. ಮಾರ್ಗದರ್ಶಕರು ಪೋಸ್ಟರ್ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಜಾಸ್ತಿ ಹುಟ್ಟಿದ್ದಾ, ಕಮ್ಮಿ ಕರಗಿದ್ದಾ?"

ನನ್ನ ಬಳಿ ಉತ್ತರವಿರಲಿಲ್ಲ. ಅವರೇ ಆ ಬಿಳಿ ಪುಡಿಯ ಸೀಸೆ ತೆಗೆದುಕೊಟ್ಟರು. ನಾಲ್ಕು ಟ್ಯೂಬ್ ಇಟ್ಟೆ: ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ನನ್ನ ಸಂಯುಕ್ತ, ಒಂದಕ್ಕೆ ಕ್ಲೋರೋಕ್ವಿನ್, ಇನ್ನೊಂದಕ್ಕೆ ಎರಡೂ. ನನ್ನ ಸಂಯುಕ್ತ ನಿಜಕ್ಕೂ ಹೆಚ್ಚು ಚೀಲಗಳನ್ನು ಹುಟ್ಟಿಸುತ್ತಿದ್ದರೆ, ಗೇಟು ಮುಚ್ಚಿದ ಮೇಲೆ ಎರಡೂ ಸೇರಿದ ಟ್ಯೂಬಿನಲ್ಲಿ ಬೆಳಕು ಇನ್ನೂ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ಒಂಟಿ ಕ್ಲೋರೋಕ್ವಿನ್ ಎಷ್ಟು ಏರಿಸಿತೋ ಎರಡೂ ಸೇರಿ ಅಷ್ಟೇ. ಎರಡು ಗುಡ್ಡಗಳು ಒಂದರ ಮೇಲೊಂದು ಕೂತವು. ಮುಚ್ಚಿದ ಗೇಟನ್ನು ಇನ್ನೊಮ್ಮೆ ಮುಚ್ಚಲು ಬರುವುದಿಲ್ಲವಲ್ಲ. ನನ್ನ ಸಂಯುಕ್ತವೂ ಗೇಟನ್ನೇ ಮುಚ್ಚುತ್ತಿತ್ತು. ಪಾರ್ಕಿನ್ಸನ್ ರೋಗಿಯ ನರಕೋಶದಲ್ಲಿ ಕೆಟ್ಟ ಪ್ರೋಟೀನು ಗಂಟುಗಟ್ಟಿ ಸೇರುತ್ತದೆ. ಅದನ್ನು ಹೊರಹಾಕುತ್ತದೆ ಎಂದು ನಾನು ಹೇಳಿಕೊಂಡದ್ದು ಅಲ್ಲಿ ಕಸದ ದಾರಿಯನ್ನೇ ಕಟ್ಟುತ್ತಿತ್ತು. ಪೋಸ್ಟರ್ ಸುತ್ತಿಟ್ಟೆ. ಅಮ್ಮನಿಗೆ ಮತ್ತೆ ಫೋನು ಮಾಡಲು ಒಂದು ವಾರ ಬೇಕಾಯಿತು.

ಇಂಥ ತಪ್ಪು ನನ್ನೊಬ್ಬಳದಲ್ಲ. ಚೀಲ ಹೆಚ್ಚಿದೆ, ಆದ್ದರಿಂದ ಆಟೊಫೇಜಿ ಹೆಚ್ಚಿದೆ ಎಂದು ಬರೆದ ಪ್ರಬಂಧಗಳು ಎಷ್ಟು ಬಂದವೆಂದರೆ, 2008ರಲ್ಲಿ ಡೇನಿಯಲ್ ಕ್ಲಿಯೋನ್ಸ್ಕಿ ಮುಂದಾಳತ್ವದಲ್ಲಿ ಈ ಕ್ಷೇತ್ರದವರೆಲ್ಲ ಸೇರಿ 'ಹೀಗೆ ಅಳೆಯಿರಿ, ಹೀಗೆ ಅಳೆಯಬೇಡಿ' ಎಂಬ ಮಾರ್ಗಸೂಚಿಯನ್ನೇ ಹೊರತರಬೇಕಾಯಿತು. 2012, 2016, 2021ರಲ್ಲಿ ಅದು ದಪ್ಪವಾಗುತ್ತ ಬಂದು, ಬರೆದವರ ಪಟ್ಟಿಯೇ ಪುಟಗಟ್ಟಲೆ ಆಯಿತು. ಅಷ್ಟು ಜನ ಅಷ್ಟು ಸಲ ಹೇಳಿದ್ದರಲ್ಲಿ ಮುಖ್ಯವಾದದ್ದು ನನ್ನ ಮಾರ್ಗದರ್ಶಕರ ಆ ಒಂದು ಪ್ರಶ್ನೆ.

ಲಿಂಗರಾಜಪುರದಿಂದ ಹೆಬ್ಬಾಳ ದಾಟಿ ಹೋದರೆ ಜಕ್ಕೂರು. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಯೀಸ್ಟಿನಿಂದ ಹಿಡಿದು ಇಲಿಯವರೆಗೆ ಆಟೊಫೇಜಿಯ ಮೇಲೆ ಕೆಲಸ ಮಾಡುತ್ತ ಬಂದಿದೆ. 2017ರಲ್ಲಿ ಅವರು ಪ್ರಕಟಿಸಿದ ಒಂದು ವಿಧಾನ ನನಗೆ ಇಷ್ಟ. ಬೆಳಕು ಕೊಡುವ ಲೂಸಿಫರೇಸ್ ಕಿಣ್ವವನ್ನು ಕಸದ ಮೇಲೆಯೇ ಗುರುತಾಗಿ ಇಟ್ಟು, ಯೀಸ್ಟು ಅದನ್ನು ತಿಂದಂತೆ ಬೆಳಕು ಇಳಿಯುವುದನ್ನು ಹೊತ್ತುಹೊತ್ತಿಗೆ ಅಳೆಯುವುದು. ಲಾರಿ ಎಣಿಸುವ ಬದಲು ಕಸ ಕರಗಿತೇ ಎಂದೇ ನೋಡುವುದು. ಇಂಥ ಹುಡುಕಾಟದಲ್ಲಿ ಅವರಿಗೆ ಸಿಕ್ಕ ಒಂದು ಅಣು 6-ಬಯೋ. ಪಾರ್ಕಿನ್ಸನ್‌ನಲ್ಲಿ ಗಂಟುಗಟ್ಟುವ ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನನ್ನು ಆಟೊಫೇಜಿಯ ಮೂಲಕ ತೆರವು ಮಾಡುವಂತೆ ಅದು ಕೋಶವನ್ನು ಹುರಿದುಂಬಿಸುತ್ತದೆ ಎಂದು 2017ರಲ್ಲೇ ತೋರಿಸಿದರು. ಇಲಿಗಳಲ್ಲಿ ನರಕೋಶಗಳನ್ನು ಕಾಪಾಡಿದ್ದನ್ನೂ ಕಂಡರು. ಔಷಧವಾಗುವುದು ದೂರದ ಮಾತು. ನನಗೆ ಕುತೂಹಲ ಹುಟ್ಟಿಸಿದ್ದು ಆ ಅಣುವಿನ ವಂಶ. ಅದು ಇಂಡಿರೂಬಿನ್ ಕುಲದ್ದು. ಬಟ್ಟೆಗೆ ಹಾಕುವ ನೀಲಿಯ ಸೋದರ ಬಣ್ಣ, ಹಿಂದೆ ಮೆಡಿಟರೇನಿಯನ್ ಕಡಲಿನ ಬಸವನಹುಳುಗಳಿಂದ ರಾಜರ ಉಡುಪಿಗೆಂದು ತೆಗೆಯುತ್ತಿದ್ದ ನೇರಳೆಯ ಹತ್ತಿರದ ಸಂಬಂಧಿ. ಎರ್ಲಿಖ್ ಇದ್ದಿದ್ದರೆ ಸಂತೋಷಪಡುತ್ತಿದ್ದರು.

2020ರ ಗದ್ದಲದ ಹಿಂದೆಯೂ ಒಂದು ಕೋಶದ ಕಥೆಯಿತ್ತು. ಕೊರೋನಾ ವೈರಸ್ಸನ್ನು ಕ್ಲೋರೋಕ್ವಿನ್ ತಡೆಯುತ್ತದೆ ಎಂದು ಕಂಡದ್ದು ಕೋತಿಯ ಮೂತ್ರಪಿಂಡದಿಂದ ಬಂದ ಕೋಶಗಳಲ್ಲಿ. ಅಲ್ಲಿ ವೈರಸ್ಸು ಒಳಬರಲು ಆಮ್ಲದ ಚೀಲ ಬೇಕು. ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ಅದಕ್ಕೆ ಬೇರೆ ಬಾಗಿಲಿದೆ, ಔಷಧ ತಡೆಯುವುದಿಲ್ಲ ಎಂದು ಜುಲೈನಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಅದಕ್ಕೂ ಮೊದಲೇ, ಜೂನ್ 5ರಂದು, ಇಂಗ್ಲೆಂಡಿನ ದೊಡ್ಡ ಪ್ರಯೋಗ ಆಸ್ಪತ್ರೆ ಸೇರಿದವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಲಾಭವಿಲ್ಲ ಎಂದು ಹೇಳಿತ್ತು. ನಮ್ಮ ಬೀದಿಯ ಅಂಗಡಿಗೆ ಮಾತ್ರೆ ಆ ಹೊತ್ತಿಗೆ ವಾಪಸ್ಸು ಬಂದಿತ್ತು. ನಡುವಿನ ಐದು ವಾರ ಅಮ್ಮ ಚಪಾತಿ ಮಾಡಲಿಲ್ಲ. ನೋವು ಎಂದೂ ಹೇಳಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು.

ಮನುಷ್ಯರಲ್ಲಿ ಗೇಟು ಮುಚ್ಚಿ ಎಣಿಸುವುದು ಹೇಗೆ ಎಂದು ಕೇಳಿದ್ದೆನಲ್ಲ, ಅದಕ್ಕೆ ಒಂದು ಉತ್ತರ 2021ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಬಂತು. ಔಷಧವನ್ನು ಮನುಷ್ಯರಿಗೆ ಕೊಡಬೇಕಿಲ್ಲ, ರಕ್ತಕ್ಕೆ ಕೊಟ್ಟರೆ ಸಾಕು. ರಕ್ತ ತೆಗೆದೊಡನೆ ಅರ್ಧ ಭಾಗಕ್ಕೆ ಕ್ಲೋರೋಕ್ವಿನ್ ಹಾಕಿ, ಅರ್ಧವನ್ನು ಹಾಗೇ ಬಿಟ್ಟು, ಬಿಳಿ ರಕ್ತಕಣಗಳಲ್ಲಿ ಎಲ್‌ಸಿ3 ಎಷ್ಟೆಷ್ಟು ಸೇರಿದೆ ಎಂದು ಹೋಲಿಸುವುದು. ಗಿಡದ ಸಂಯುಕ್ತದ ಬದಲು ಮನುಷ್ಯರ ಒಂದು ದಿನವನ್ನು ಇಟ್ಟರೆ ನನ್ನ ನಾಲ್ಕು ಟ್ಯೂಬುಗಳೇ. ಅತ್ತೆಯ ಏಕಾದಶಿಯನ್ನೂ ಹೀಗೆ ಅಳೆದು ನೋಡಬಹುದು.

ಇದನ್ನೆಲ್ಲ ಒಂದು ದಿನ ಅಮ್ಮನಿಗೆ ವಿವರಿಸಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಾಗಾದ್ರೆ ಈ ಮಾತ್ರೆ ತಗೊಂಡು ತಗೊಂಡು ನನ್ನೊಳಗೆ ಕಸ ತುಂಬ್ಕೊಂಡಿದೆಯೇನೇ?"

ಪ್ರಯೋಗಾಲಯದ ಟ್ಯೂಬಿಗೆ ಹಾಕುವ ಪ್ರಮಾಣಕ್ಕೂ ವೈದ್ಯರು ಲೆಕ್ಕಹಾಕಿ ಕೊಡುವ ಮಾತ್ರೆಗೂ ಹೋಲಿಕೆಯಿಲ್ಲ ಎಂದೆ. ಆದರೆ ಅವಳ ಪ್ರಶ್ನೆ ತಪ್ಪೇನಲ್ಲ. ಕಣ್ಣಿನ ರೆಟಿನಾದ ಹಿಂದೆ ಬಣ್ಣ ತುಂಬಿದ ಕೋಶಗಳ ಒಂದು ಪದರವಿದೆ. ಬೆಳಕು ಹಿಡಿಯುವ ಕೋಶಗಳು ದಿನದಿನವೂ ಉದುರಿಸುವ ತುದಿಗಳನ್ನು ನುಂಗಿ ಲೈಸೋಸೋಮ್‌ನಲ್ಲಿ ಅರಗಿಸುವುದು ಅದರ ಕೆಲಸ. ಈ ಔಷಧ ಆ ಪದರದ ಬಣ್ಣಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯಬಲ್ಲದು. ಅದಕ್ಕೇ ಐದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರು ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು. ಅರಗದೆ ಉಳಿದ ಕಸಕ್ಕೆ ಲಿಪೋಫುಸಿನ್ ಎಂದು ಹೆಸರು. ಅದಕ್ಕೆ ತನ್ನದೇ ಪ್ರತಿದೀಪ್ತಿಯಿದೆ, ಹೊರಗಿನಿಂದ ಯಾವ ಬಣ್ಣವನ್ನೂ ಹಾಕಬೇಕಾಗಿಲ್ಲ. ನೀಲಿ ಬೆಳಕು ಬಿಟ್ಟು ಫೋಟೋ ತೆಗೆದರೆ ತಾನಾಗಿ ಬೆಳಗುತ್ತದೆ.

ಕಳೆದ ತಿಂಗಳು ಆ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ಗದ್ದವನ್ನು ಯಂತ್ರದ ಮೇಲಿಟ್ಟು ಕೂತಳು. ನೀಲಿ ಬೆಳಕು ಮಿಂಚಿತು. ವೈದ್ಯರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ಒಂದು ದುಂಡು, ನಡುವೆ ಒಂದು ಕಪ್ಪು ಚುಕ್ಕಿ, ಸುತ್ತ ಸಮನಾದ ಮಂದ ಬೆಳಕು. ಕಪ್ಪು ಚುಕ್ಕಿ ನೋಡಿ ನನ್ನ ಎದೆ ಧಸಕ್ಕೆಂದಿತು. ಅದು ಎಲ್ಲರಿಗೂ ಇರೋದೇ, ಅದರ ಸುತ್ತ ಉಂಗುರದ ಹಾಗೆ ಏನಾದ್ರೂ ಕಂಡರೆ ಯೋಚನೆ ಮಾಡಬೇಕು, ಈ ವರ್ಷ ಏನೂ ಇಲ್ಲ ಎಂದರು. ಅಮ್ಮ ಇನ್ನೂ ಗದ್ದ ಎತ್ತಿರಲಿಲ್ಲ.

"ಮುಗೀತಾ ಡಾಕ್ಟ್ರೇ? ಮಾತ್ರೆ ಮುಂದುವರಿಸ್ಬಹುದಾ?"